ಮರಳು ಇಳಿಯುವಷ್ಟು ಹೊತ್ತು

"ಮೇಡಂ, ಮೇಡಂ! ಈ ಕಡೆ ದಾರಿ ಇಲ್ಲ. ಬೋರ್ಡ್ ಕಾಣಿಸ್ಲಿಲ್ವಾ? ಆ ಕಡೆಯಿಂದ ಸುತ್ಕೊಂಡು ಹೋಗಿ."

ಅವಳು ಸ್ಕೂಟರ್ ನಿಲ್ಲಿಸಿದಳು. ಹೆಲ್ಮೆಟ್ ತೆಗೆದು ಕನ್ನಡಿಗೆ ತಗುಲಿಸಿದಳು. ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿದ್ದ ಕಬ್ಬಿಣದ ಸಿಲಿಂಡರನ್ನು ಒಂದು ಸಲ ಅಲ್ಲಾಡಿಸಿ ನೋಡಿದಳು. ಆಮೇಲೆ ತಲೆ ಎತ್ತಿದಳು.

"ದಾರಿ ಸರಿಯಾಗಿದೆಯೋ ಇಲ್ವೋ ಅಂತ ನೋಡೋಕೇ ಬಂದಿರೋದು. ಲ್ಯಾಬಿನಿಂದ, ಟೆಸ್ಟಿಗೆ."

ಕೈ ಅಡ್ಡ ಹಿಡಿದು ಓಡಿಬಂದಿದ್ದ ಸೈಟ್ ಇಂಜಿನಿಯರಿನ ಮುಖ ಆಗ ನೋಡಬೇಕಿತ್ತು. ಚಾಚಿದ ಕೈ ಚಾಚಿದಲ್ಲೇ ನಿಂತಿತು. ಕಿವಿ ಎರಡೂ ಕೆಂಪಾದವು. ಹಳದಿ ಟೋಪಿ ಎಡಗಡೆಗೆ ವಾಲಿತ್ತು. ಅದನ್ನು ಸರಿಮಾಡಲು ಹೋಗಿ ಇನ್ನಷ್ಟು ವಾಲಿಸಿಕೊಂಡ. ಹಿಂದೆ ರೋಲರ್ ಮೇಲೆ ಕೂತಿದ್ದ ಬಿಳಿ ಮೀಸೆಯ ಡ್ರೈವರ್ ಪಕಪಕ ನಕ್ಕ.

ಬೇರೆ ಯಾವ ಹುಡುಗಿಯಾಗಿದ್ದರೂ ಆ ಕೆಂಪು ಕಿವಿ ನೋಡಿ ಅಲ್ಲೇ ಅರ್ಧ ಕರಗಿಬಿಡುತ್ತಿದ್ದಳು. ಇವಳು ನೋಡಿದ್ದು ಟೋಪಿಯನ್ನು. ಅಂದೂ ಅದು ಹೀಗೇ ಎಡಕ್ಕೆ ವಾಲಿತ್ತು. ಎಡ ಹುಬ್ಬಿನ ಮೇಲೆ ಅದೇ ಸಣ್ಣ ಗಾಯದ ಗುರುತು. ಸಂಶಯವೇ ಇಲ್ಲ, ಅವನೇ.

ಸಿಕ್ಕಿದೆಯಲ್ಲೋ ಮಹರಾಯ, ಅಂದುಕೊಂಡಳು. ಇಷ್ಟು ವರ್ಷದ ಮೇಲೆ ನನ್ನ ಕೈಗೇ ಸಿಕ್ಕಿದೆಯಲ್ಲೋ!

"ಸಾರಿ ಮೇಡಂ, ಗೊತ್ತಾಗ್ಲಿಲ್ಲ. ಬನ್ನಿ, ನೆರಳಿಗೆ ಬನ್ನಿ. ಟೀ ತರಿಸ್ಲಾ?"

"ಟೆಸ್ಟ್ ಆಗೋವರೆಗೂ ಸೈಟಿನ ನೀರೂ ಮುಟ್ಟಲ್ಲ."

"ಆಮೇಲೆ?"

"ಆಮೇಲೆ ನನಗೆ ಟೀ ಕೊಡೋ ಮನಸ್ಸು ನಿಮಗಿರಲ್ಲ."

ಅವನು ನಕ್ಕ. ಪಾಪ, ತಮಾಷೆ ಅಂದುಕೊಂಡ.

ಅವಳ ಹೊಟ್ಟೆಯೊಳಗಿನ ಬೆಂಕಿಗೆ ಕಾರಣ ಇತ್ತು. ಅವಳ ಅಪ್ಪ ರೋಲರ್ ಡ್ರೈವರ್. ರಸ್ತೆಗೆ ಹಾಸಿದ ಜಲ್ಲಿಯ ಮೇಲೆ ರೋಲರ್ ಒಂದು ಸಲ ಹಾದುಹೋದರೆ ಅದಕ್ಕೆ ಒಂದು ಪಾಸ್ ಅನ್ನುತ್ತಾರೆ. ಹೇಳಿದಷ್ಟು ಪಾಸ್ ಹೊಡೆಯದೆ ಕಳ್ಳಾಟ ಆಡುವ ಡ್ರೈವರುಗಳು ಉಂಟು. ಅವಳ ಅಪ್ಪ ಹೇಳಿದ್ದಕ್ಕಿಂತ ಒಂದು ಹೆಚ್ಚೇ ಹೊಡೆಯುವ ಆಸಾಮಿ. ಕೆಲಸ ಮುಗಿದ ಮೇಲೆ ರಸ್ತೆಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿ, "ಹಾಂ, ಈಗ ಸರಿ" ಅಂದರೇನೇ ಅವನಿಗೆ ಊಟ ಸೇರುತ್ತಿದ್ದದ್ದು.

ಅವಳು ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಅವರ ಮನೆಯ ಮುಂದಿನ ದೊಡ್ಡ ರಸ್ತೆಯ ಕೆಲಸವೇ ಅಪ್ಪನಿಗೆ ಸಿಕ್ಕಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೋದಳು. ಟೆಸ್ಟ್ ಮಾಡಲು ಬಂದ ಹೊಸ ಇಂಜಿನಿಯರ್ ಒಬ್ಬ, ಟೋಪಿ ವಾಲಿಸಿಕೊಂಡು, ಮಂಡಿಯೂರಿ ಕೂತಿದ್ದ. ರಸ್ತೆಯಲ್ಲಿ ಒಂದು ಸಣ್ಣ ಗುಂಡಿ ತೋಡಿ, ತೋಡಿದ್ದನ್ನೆಲ್ಲ ತೂಗಿ, ಆಮೇಲೆ ಆ ಗುಂಡಿಯ ಮೇಲೆ ಸಿಲಿಂಡರ್ ಇಟ್ಟು ಒಣ ಮರಳು ಬಿಟ್ಟ. ಎಷ್ಟು ಮರಳು ಹಿಡಿಯಿತೋ ಅದರ ಮೇಲೆ ಗುಂಡಿಯ ಗಾತ್ರ. ಗಾತ್ರ ಗೊತ್ತಾದರೆ ರಸ್ತೆ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದೂ ಗೊತ್ತಾಗುತ್ತದೆ. ಇಷ್ಟೇ ಪರೀಕ್ಷೆ. ಅವನು ಮರಳು ಬಿಡುವಾಗ ಪಕ್ಕದ ಪಟ್ಟಿಯಲ್ಲಿ ಅಪ್ಪನ ರೋಲರ್ ಗುಡುಗುಡು ಅಂತ ನೆಲ ನಡುಗಿಸಿಕೊಂಡು ಓಡುತ್ತಲೇ ಇತ್ತು. ನಿಲ್ಲಿಸಿ ಅಂತ ಅವನು ಕೈ ಎತ್ತಲಿಲ್ಲ.

ರಸ್ತೆ ಫೇಲ್ ಅಂದ.

"ಒಂದೂ ಪಾಸ್ ಬಿಟ್ಟಿಲ್ಲ ಸ್ವಾಮಿ," ಅಂದಿದ್ದ ಅಪ್ಪ, ಹೆಗಲ ಮೇಲಿನ ಟವಲು ಹಿಂಡುತ್ತಾ. "ನನ್ನ ಮಗಳ ಮೇಲಾಣೆ, ಒಂದೂ ಬಿಟ್ಟಿಲ್ಲ." ಕಂಟ್ರಾಕ್ಟರ್ ಎಲ್ಲರ ಮುಂದೆ ಕಳ್ಳ ಅಂದ, ರೋಲರಿನಿಂದ ಇಳಿಸಿದ. ಫೇಲ್ ಆದ ತುಂಡನ್ನು ಕಿತ್ತು ಮತ್ತೆ ಹಾಸಬೇಕಿತ್ತು, ಅದನ್ನೂ ಮಾಡಲಿಲ್ಲ. ಹಾಗೇ ಮೇಲೆ ಟಾರು ಬಳಿದು ಕೈ ತೊಳೆದುಕೊಂಡ. ಆದರೆ ಪಾಸ್ ಕದಿಯುವವನು ಅನ್ನುವ ಹೆಸರು ಒಂದು ಸಲ ಅಂಟಿದರೆ ಮುಗಿಯಿತು. ಅಪ್ಪನಿಗೆ ಯಾರೂ ರೋಲರ್ ಕೊಡಲಿಲ್ಲ. ಗೋಡೌನಿನ ಗೇಟ್ ಕಾಯುವ ಕೆಲಸ ಸಿಕ್ಕಿತು. ಇವತ್ತಿಗೂ ಅವನು ಮನೆ ಮುಂದಿನ ಆ ರಸ್ತೆ ತುಳಿಯುವುದಿಲ್ಲ. ಸಂದಿಯಲ್ಲಿ ನುಗ್ಗಿ, ಯಾರದೋ ಹಿತ್ತಲ ಬಾಗಿಲು ದಾಟಿ, ಸುತ್ತಿಕೊಂಡು ಹೋಗುತ್ತಾನೆ.

ಅವಳು ಓದಿ, ಹಟ ಹಿಡಿದು, ಲ್ಯಾಬಿಗೇ ಸೇರಿದಳು. ಸೇರಿದ ಮೊದಲ ವಾರ ಮರಳು ಬಿಡಲು ಹೊರಟಾಗ ಹಿರಿಯ ಮೇಡಂ ಅವಳ ಬೆರಳ ಮೇಲೆ ಪಟ್ ಅಂತ ಹೊಡೆದರು. "ಅಯ್ಯೋ ಪೆದ್ದಿ, ಮೊದಲು ಆ ರೋಲರ್ ನಿಲ್ಸು! ನೆಲ ನಡುಗಿದ್ರೆ ಮರಳು ಒತ್ತೊತ್ತಾಗಿ ಕೂರುತ್ತೆ. ಗುಂಡಿ ಹಿಡೀಬೇಕಾದ್ದಕ್ಕಿಂತ ಹೆಚ್ಚು ಹಿಡಿಯುತ್ತೆ. ಚಿನ್ನದಂಥ ರೋಡೂ ಲೆಕ್ಕದಲ್ಲಿ ಸಡಿಲ ಅಂತ ಬರುತ್ತೆ."

ಅವಳು ಆ ಗುಂಡಿಯ ಪಕ್ಕ ಮಂಡಿಯೂರಿದವಳು ಏಳಲೇ ಇಲ್ಲ. ಬಿಸಿಲು ಅಂದುಕೊಂಡು ಹಿರಿಯ ಮೇಡಂ ನೀರು ತರಿಸಿದರು. ಅಪ್ಪನದು ತಪ್ಪಿರಲಿಲ್ಲ. ಒಬ್ಬ ಕೈ ಎತ್ತಿದ್ದರೆ ಸಾಕಿತ್ತು, ಮರಳು ಇಳಿಯುವಷ್ಟು ಹೊತ್ತು.

ಅಂದಿನಿಂದ ಅವಳು ಅವನಿಗಾಗಿ ಹಲ್ಲು ಮಸೆಯುತ್ತಿದ್ದಳು. ಈಗ ಅವನು ಬೇರೊಬ್ಬ ಕಂಟ್ರಾಕ್ಟರ್ ಕಡೆಯ ಸೈಟ್ ಇಂಜಿನಿಯರ್. ಅವನ ರಸ್ತೆಯನ್ನು ಅಳೆಯುವವಳು ಅವಳು. ಬೇರೆ ಯಾವ ಸೇಡೂ ಬೇಡ, ಅಂದುಕೊಂಡಳು. ಅದೇ ಗುಂಡಿ, ಅದೇ ಮರಳು, ಅದೇ ಗುಡುಗು. ಮಣ್ಣು ಮುಕ್ಕಿಸಬೇಕು, ಅದೂ ಅವನದೇ ರಸ್ತೆಯ ಮಣ್ಣು.

ಮೊದಲ ದಿನ ಸೇಡಿನ ಅಗತ್ಯವೇ ಬೀಳಲಿಲ್ಲ. ತೋಡಿದ ಜಲ್ಲಿ ಹಸಿಹಸಿಯಾಗಿತ್ತು.

"ನೀರು ಜಾಸ್ತಿ. ಫೇಲ್."

ಜಗಳಕ್ಕೆ ನಿಲ್ಲುತ್ತಾನೆ, ಚೆನ್ನಾಗಿ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡೋಣ ಅಂತ ಅವಳು ಕಾದಳು. ಅವನು ಬಗ್ಗಿ ಒಂದು ಹಿಡಿ ಎತ್ತಿಕೊಂಡ, ಹಿಂಡಿದ, ಅಂಗೈ ಬಿಚ್ಚಿ ನೋಡಿದ.

"ಹೌದು. ಟ್ಯಾಂಕರ್‌ನವನಿಗೆ ಸರಿಯಾಗಿ ಹೇಳ್ಬೇಕಿತ್ತು ನಾನು. ಹರವಿ ಒಣಗಿಸಿ ಮತ್ತೆ ಹಾಸ್ತೀವಿ." ಆಮೇಲೆ, ಸ್ವಲ್ಪ ತಡೆದು, "ಟೀ ಕೊಡೋ ಮನಸ್ಸು ಇನ್ನೂ ಇದೆ ಮೇಡಂ."

ಥೂ, ಇವನಿಗೆ ನಾಚಿಕೆಯೇ ಇಲ್ಲವಾ, ಅಂದುಕೊಂಡಳು. ಟೀ ಕುಡಿದಳು. ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮರಳನ್ನು ಎರಡೆರಡು ಸಲ ಜರಡಿ ಹಿಡಿಯುತ್ತಿದ್ದಳು ಅಂತ ಆಳುಗಳು ಅವಳಿಗೆ ಜರಡಿ ಮೇಡಂ ಅಂತ ಹೆಸರಿಟ್ಟರು. ಬಿಳಿ ಮೀಸೆಯ ಡ್ರೈವರಿಗೆ ಸೈಟಿನಲ್ಲೆಲ್ಲ ರೋಲರ್ ಮಾಮ ಅಂತಲೇ ಹೆಸರು. ಅವನೊಬ್ಬ ಮಾತ್ರ ಅವಳನ್ನು ಮೇಡಮ್ಮ ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಗಾಳಿ ಜೋರಾಗಿತ್ತು. ತಕ್ಕಡಿಯ ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವಳು ಗೊಣಗುತ್ತಿರುವಾಗ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ತಲೆ ಎತ್ತಿದರೆ, ಅವನು ಗಾಳಿಗೆ ಬೆನ್ನು ಕೊಟ್ಟು, ಕೋಟನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದ.

"ಏನ್ ಮಾಡ್ತಿದ್ದೀರಿ?"

"ಗೋಡೆ ಆಗಿದ್ದೀನಿ."

"ಗೋಡೆ ಮಾತಾಡಲ್ಲ."

ಅವನು ಬಾಯಿಗೆ ಬೀಗ ಹಾಕಿಕೊಂಡ. ತೂಕ ಮುಗಿಯುವವರೆಗೂ ಒಂದು ಮಾತಿಲ್ಲ. ಗಾಳಿಗೆ ಕೂದಲು ಕಣ್ಣಿಗೆ ಬಿದ್ದರೂ ಸರಿಸಲಿಲ್ಲ. ಅವಳು ತೂಕವನ್ನೇ ನೋಡುತ್ತಿದ್ದಳು. ನಡುನಡುವೆ, ಮುಳ್ಳು ನಿಂತಿದೆಯೋ ಇಲ್ಲವೋ ಅಂತ ತಲೆ ಎತ್ತಿದಾಗಲೆಲ್ಲ ಅವನ ಕಣ್ಣು ಅವಳ ಕೈಬೆರಳ ಮೇಲಿರುತ್ತಿತ್ತು. ಸಿಕ್ಕಿಬಿದ್ದ ಕೂಡಲೇ ಅವನು ಆಕಾಶ ನೋಡುತ್ತಿದ್ದ.

"ಆಯ್ತು," ಅಂದಳು.

"ಗೋಡೆ ಈಗ ಮಾತಾಡಬಹುದಾ?"

"ಬೇಡ." ತಿರುಗಿ ನಿಂತು ಪೆಟ್ಟಿಗೆ ಮುಚ್ಚಿದಳು. ತಿರುಗಿ ನಿಂತದ್ದು ನಗು ಮುಚ್ಚಿಕೊಳ್ಳುವುದಕ್ಕೆ. ರೋಲರ್ ಮೇಲಿನಿಂದ ಮಾಮ ಅದನ್ನು ನೋಡಿಬಿಟ್ಟ.

"ಇಂಜಿನಿಯರ್ರೇ, ಆ ಕಡೆಯ ಗೋಡೆ ಬಿರುಕು ಬಿಟ್ಟಿದೆ ನೋಡ್ಕೊಳ್ಳಿ!" ಅಂತ ಕೂಗಿದ.

ಮನೆಯಲ್ಲಿ ಅಮ್ಮ ಬಾಗಿಲಿಗೊರಗಿ ಕೇಳಿದಳು. "ಸೈಟಿಗೆ ಹೋಗೋಕೆ ಇಷ್ಟೊತ್ತು ಕನ್ನಡಿ ಮುಂದೆ ಯಾಕೆ ನಿಂತಿದ್ದೀಯೇ? ರೋಡಿಗೆ ಮುಖ ತೋರಿಸ್ಬೇಕಾ?"

"ಗಾಳಕ್ಕೆ ಹುಳ ಸಿಕ್ಕಿಸ್ತಿದ್ದೀನಿ ಅಮ್ಮ."

ತನಗೂ ಅದನ್ನೇ ಹೇಳಿಕೊಂಡಳು. ಅವನು ಚೆನ್ನಾಗಿ ನಂಬಲಿ, ಚೆನ್ನಾಗಿ ಮೇಲೆ ಹತ್ತಲಿ. ಎತ್ತರದಿಂದ ಬಿದ್ದರೆ ಏಟು ಜಾಸ್ತಿ. ಸೇಡು ತೀರಿಸಿಕೊಳ್ಳಬೇಕಾದ ಮನುಷ್ಯ ಕೆಟ್ಟವನಾಗಿದ್ದರೆ ಕೆಲಸ ಎಷ್ಟು ಸಲೀಸು! ಇವನು ಆಳುಗಳಿಗೆ ನೆರಳು ಮಾಡಿಸುತ್ತಿದ್ದ, ತಪ್ಪಾದರೆ ತಪ್ಪು ಅನ್ನುತ್ತಿದ್ದ, ಅವಳು ಎಳೆದಾಡುವ ಪೆಟ್ಟಿಗೆಗೆ ಎರಡು ಚಕ್ರ ಜೋಡಿಸಿಕೊಟ್ಟ. ಒಂದೊಂದು ಒಳ್ಳೆಯತನವೂ ಅವಳಿಗೆ ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ಆದರೆ ಅವನಲ್ಲಿ ಒಂದೇ ಒಂದು ಅಭ್ಯಾಸವಿತ್ತು, ಅದು ಅವಳ ಬೆಂಕಿಯನ್ನು ಆರಲು ಬಿಡಲಿಲ್ಲ. ಅವಳು ಗುಂಡಿಯ ಮೇಲೆ ಸಿಲಿಂಡರ್ ಇಟ್ಟ ಕೂಡಲೇ ಅವನು ತಾನಾಗಿ ಕೈ ಎತ್ತುತ್ತಿದ್ದ. ಎತ್ತಿದ ಕೂಡಲೇ ರೋಲರ್ ಗಪ್ಪನೆ ನಿಲ್ಲುತ್ತಿತ್ತು. ಮರಳು ಇಳಿದು ಮುಗಿಯುವವರೆಗೂ ಅವನ ಕೈ ಇಳಿಯುತ್ತಿರಲಿಲ್ಲ.

ಈಗ ಕಲಿತಿದ್ದೀಯಾ, ಅನ್ನುತ್ತಿತ್ತು ಅವಳ ಮನಸ್ಸು. ಯಾರ ಅನ್ನ ಕಿತ್ತುಕೊಂಡು ಕಲಿತೆಯಪ್ಪಾ? ಕಲಿತ ದಿನ ಆ ರೋಲರ್ ಡ್ರೈವರ್ ಒಂದು ಸಲವಾದರೂ ನೆನಪಾದನಾ?

ಕೊನೆಯ ತುಂಡಿನ ದಿನ ಬಂತು. ಅದೊಂದು ಪಾಸಾದರೆ ಟಾರು ಹಾಕಬಹುದು. ಇಲ್ಲವಾದರೆ ಕಿತ್ತು ಮತ್ತೆ ಹಾಸಬೇಕು. ಕಂಟ್ರಾಕ್ಟರ್ ತಾನೇ ಕಾರಿನಲ್ಲಿ ಬಂದು, ಕಿಟಕಿ ಇಳಿಸಿ, ಒಳಗೇ ಕೂತು ನೋಡುತ್ತಿದ್ದ. ಪಕ್ಕದ ಪಟ್ಟಿಯಲ್ಲಿ ಮಾಮನ ರೋಲರ್ ನೆಲ ನಡುಗಿಸಿಕೊಂಡು ಬರುತ್ತಿತ್ತು.

ಅವಳು ಗುಂಡಿ ತೋಡಿದಳು. ತೋಡಿದ್ದನ್ನು ಒಂದು ಹರಳೂ ಬಿಡದೆ ಬಾಚಿ ತೂಗಿದಳು. ಸಿಲಿಂಡರ್ ಇಟ್ಟಳು. ಅವನು ಎಂದಿನಂತೆ ಕೈ ಎತ್ತಿದ.

"ಕೈ ಇಳಿಸಿ."

"ಏನು?"

"ಆ ಪಟ್ಟಿ ಇವತ್ತೇ ಮುಗೀಬೇಕಲ್ವಾ? ರೋಲರ್ ನಡೀಲಿ. ನಿಲ್ಲಿಸಬೇಡಿ."

ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ಹೇಳಿ ನುಣುಪಾಗಿದ್ದ ಮಾತು ಅದು. ಅವನು ಅವಳನ್ನು ನೋಡಿದ. ಮೊದಲು ಅವಳ ಕೈಯನ್ನು, ಆಮೇಲೆ ರೋಲರನ್ನು, ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಅವಳನ್ನು. ಇಷ್ಟು ದಿನ ಸಿಕ್ಕಿಬಿದ್ದಾಗಲೆಲ್ಲ ಆಕಾಶಕ್ಕೆ ಓಡುತ್ತಿದ್ದ ಕಣ್ಣು ಇವತ್ತು ಓಡಲಿಲ್ಲ. ಅದರಲ್ಲಿ ಆಶ್ಚರ್ಯ ಇರಲಿಲ್ಲ, ಕೋಪವೂ ಇರಲಿಲ್ಲ. ಯಾವುದೋ ಹಳೆಯ ಸಂಗತಿ ಕೊನೆಗೂ ಬಾಗಿಲು ತಟ್ಟಿತು ಅನ್ನುವ ಹಾಗೆ ನೋಡಿದ. ಆಮೇಲೆ ನಿಧಾನವಾಗಿ ಕೈ ಇಳಿಸಿದ.

ಅವಳು ಸಿಲಿಂಡರಿನ ಬಾಯಿ ತೆರೆದಳು. ಮಂಡಿಯ ಕೆಳಗೆ ನೆಲ ಗಡಗಡ ಅನ್ನುತ್ತಿತ್ತು. ಮರಳು ಇಳಿಯಿತು, ನಿಂತಿತು ಅನ್ನಿಸಿತು, ಮತ್ತೆ ಒಂದಿಷ್ಟು ಜಾರಿತು. ಉಳಿದ ಮರಳು ತೂಗಿದಳು, ಲೆಕ್ಕ ಹಾಕಿದಳು.

"ಫೇಲ್," ಅಂದಳು. ಜೋರಾಗಿಯೇ ಅಂದಳು.

ಎಷ್ಟು ವರ್ಷದಿಂದ ಕಾದ ಮಾತು! ಬಾಯಿಂದ ಹೊರಬಿದ್ದಾಗ ಸಿಹಿಯಾಗಿರುತ್ತದೆ ಅಂದುಕೊಂಡಿದ್ದಳು. ರೋಲರ್ ಓಡುತ್ತಿತ್ತು, ಈ ಟೆಸ್ಟ್ ಲೆಕ್ಕಕ್ಕಿಲ್ಲ ಅಂತ ಅವನು ಒಂದು ಮಾತು ಅಂದಿದ್ದರೆ ಮುಗಿದಿತ್ತು. ಅನ್ನಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ಕಾರಿನ ಬಾಗಿಲು ಧಡ್ ಅಂತು. ಕಂಟ್ರಾಕ್ಟರ್ ನೇರವಾಗಿ ಹೋದದ್ದು ಇಂಜಿನಿಯರ್ ಹತ್ತಿರವಲ್ಲ, ರೋಲರ್ ಹತ್ತಿರ.

"ಇಳಿಯಯ್ಯಾ ಕೆಳಗೆ! ಪಾಸ್ ಕದೀತೀಯಾ? ತಿನ್ನೋದು ನಂದು, ಮಾಡೋದು ಮೋಸ! ಇಳಿ ಅಂದೆ. ನಾಳೆಯಿಂದ ಈ ಕಡೆ ಮುಖ ಹಾಕ್ಬೇಡ."

ಮಾಮ ಎಂಜಿನ್ ನಿಲ್ಲಿಸಿ ಇಳಿದ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಾ ಅಂದ.

"ಒಂದೂ ಪಾಸ್ ಬಿಟ್ಟಿಲ್ಲ ಸ್ವಾಮಿ. ಮೊಮ್ಮಕ್ಕಳ ಮೇಲಾಣೆ, ಒಂದೂ ಬಿಟ್ಟಿಲ್ಲ."

ಅದೇ ಮಾತು. ಅದೇ ಹಿಂಡುವ ಕೈ. ಊಟದ ಡಬ್ಬಿ ಹಿಡಿದು ನಿಂತಿದ್ದ ಹುಡುಗಿ ಈಗ ಸಿಲಿಂಡರ್ ಹಿಡಿದು ಅದೇ ಜಾಗದಲ್ಲಿ ನಿಂತಿದ್ದಳು, ಅಷ್ಟೇ. ಅಯ್ಯೋ ದೇವರೇ, ನಾನು ಯಾರಿಗೆ ಹೊಡೆದೆ!

"ಮಾಮಂದು ತಪ್ಪಲ್ಲ," ಅಂತ ಅವನ ದನಿ ಕೇಳಿತು. ಕಂಟ್ರಾಕ್ಟರ್ ಮುಂದೆ ಬಂದು ನಿಂತಿದ್ದ. "ನಿಂತು ಪಾಸ್ ಹೊಡೆಸಿದ್ದು ನಾನು. ತಪ್ಪಾಗಿದ್ರೆ ನಂದು. ಕಳಿಸೋದಾದ್ರೆ ನನ್ನನ್ನ ಕಳಿಸಿ. ಅವರ ಮೈ ಮೇಲೆ ಹಾಕ್ಬೇಡಿ."

"ನೀನು ಸುಮ್ನಿರಯ್ಯಾ..."

"ಇಬ್ಬರದೂ ತಪ್ಪಿಲ್ಲ!"

ಎಲ್ಲರೂ ಅವಳ ಕಡೆ ತಿರುಗಿದರು. ಹೇಳಿಬಿಟ್ಟರೆ ಅವನು ಬಚಾವ್, ಕಾದ ಸೇಡು ಮಣ್ಣುಪಾಲು. ಹೇಳದಿದ್ದರೆ ಇನ್ನೊಬ್ಬ ಮುದುಕ ನಾಳೆಯಿಂದ ಯಾವುದೋ ಸಂದಿಯಲ್ಲಿ ಸುತ್ತಿಕೊಂಡು ಮನೆಗೆ ಹೋಗುತ್ತಾನೆ.

"ತಪ್ಪು ನಂದು," ಅಂದಳು. "ಮರಳು ಬಿಡುವಾಗ ರೋಲರ್ ನಿಲ್ಲಿಸಬೇಕು. ಇವರು ಕೈ ಎತ್ತಿದ್ರು, ನಾನೇ ಇಳಿಸಿ ಅಂದೆ. ಬೇಕು ಅಂತಲೇ ಅಂದೆ. ಈ ಟೆಸ್ಟ್ ಸುಳ್ಳು. ಮಾಮ, ಎಂಜಿನ್ ಹಾಗೇ ಆಫ್ ಇರ್ಲಿ. ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡ್ತೀನಿ."

ತೋಡಿದಳು. ಈ ಸಲ ಇಡೀ ಸೈಟು ಉಸಿರು ಬಿಗಿಹಿಡಿದಂತೆ ಸುಮ್ಮನಿತ್ತು. ಸಿಲಿಂಡರಿನೊಳಗೆ ಮರಳು ಸರ್ರ್ ಅಂತ ಇಳಿಯುವುದು ಎಲ್ಲರಿಗೂ ಕೇಳಿಸಿತು. ಗಟ್ಟಿತನ ನೂರಕ್ಕೆ ತೊಂಬತ್ತೆಂಟು ಬಂದರೆ ಸಾಕಿತ್ತು. ಅದಕ್ಕಿಂತ ಮೇಲೇ ಬಂತು.

"ಪಾಸ್. ಮಾಮನ ಹತ್ರ ಕ್ಷಮೆ ಕೇಳಿ," ಅಂದಳು ಕಂಟ್ರಾಕ್ಟರಿಗೆ.

"ನಾನಾ? ನಿನ್ನ ಮೇಲೆ ಲ್ಯಾಬಿಗೆ ಕಂಪ್ಲೇಂಟ್ ಕೊಡ್ತೀನಿ!"

"ಕೊಡಿ. ನಾನೇ ಹೋಗಿ ಹೇಳ್ತೀನಿ. ಮೊದಲು ಕ್ಷಮೆ ಕೇಳಿ."

ಕಂಟ್ರಾಕ್ಟರ್ ಏನೋ ಗೊಣಗಿ ಕಾರು ಹತ್ತಿದ. ಅವಳು ಮಾಮನ ಎರಡೂ ಕೈ ಹಿಡಿದುಕೊಂಡಳು. ಮಾಮ ಅವಳ ತಲೆ ಸವರಿ, "ಬಿಡು ಮೇಡಮ್ಮ, ನೀನೇ ಕೆಡವಿದೆ, ನೀನೇ ಎತ್ತಿದೆ," ಅಂದ. ಪೂರ್ತಿ ಕ್ಷಮಿಸಿದಂತೆ ಕಾಣಲಿಲ್ಲ, ಅದು ಸರಿಯಾಗಿಯೇ ಇತ್ತು.

ಅವನು ಅವಳ ಪೆಟ್ಟಿಗೆಯನ್ನು ಸ್ಕೂಟರಿನವರೆಗೂ ಎಳೆದುಕೊಂಡು ಬಂದ.

"ಯಾವತ್ತಿಂದ ಗೊತ್ತು?" ಅಂತ ಕೇಳಿದಳು, ತಿರುಗಿ ನೋಡದೆ.

"ಒಂದಿನ ನೀವು ರೋಡಿನ ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ್ರಿ. ಹಾಗೆ ನೋಡೋರು ಇನ್ನೊಬ್ಬರೇ ನನಗೆ ಗೊತ್ತಿರೋದು. ಆಮೇಲೆ ಡಬ್ಬಿ ಹಿಡ್ಕೊಂಡು ನಿಂತಿದ್ದ ಹುಡುಗಿ ನೆನಪಾದ್ಲು. ಅವತ್ತು ಅವಳು ನನ್ನ ನೋಡಿದ ನೋಟ ಮರೆಯೋ ಹಾಗಿರ್ಲಿಲ್ಲ."

"ಗೊತ್ತಿದ್ದೂ ಕೈ ಇಳಿಸಿದ್ರಾ?"

"ನಿಮಗೆ ಬೇಕಿತ್ತು."

"ಓಹೋ! ಭಿಕ್ಷೆ ಹಾಕಿದ್ರಾ ನನಗೆ?" ಈಗ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ಅದಕ್ಕೂ ಅವನ ಮೇಲೆಯೇ ಸಿಟ್ಟು. "ಸೇಡು ಅಂದ್ರೆ ಕಿತ್ಕೊಳ್ಳೋದು ಕಣ್ರೀ, ಯಾರೋ ಕೊಟ್ಟಿದ್ದನ್ನ ಇಸ್ಕೊಳ್ಳೋದಲ್ಲ! ಮಾಮನ ತಲೆ ಮೇಲೆ ಬೀಳುತ್ತೆ ಅಂತ ಯೋಚ್ನೆ ಮಾಡಿದ್ರಾ?"

"ಇಲ್ಲ. ನೀವು?"

ಅವಳು ಕನ್ನಡಿಯಿಂದ ಹೆಲ್ಮೆಟ್ ತೆಗೆದುಕೊಂಡಳು. "ಇಲ್ಲ," ಅಂದಳು ಆಮೇಲೆ.

"ಅವತ್ತು ನನಗೆ ಗೊತ್ತಿರ್ಲಿಲ್ಲ, ರೋಲರ್ ನಿಲ್ಲಿಸಬೇಕು ಅಂತ. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ನಿಮ್ಮಪ್ಪನ ಮುಂದೆ ಬಂದು ನಿಲ್ಲೋ ಧೈರ್ಯ ಬರ್ಲಿಲ್ಲ. ತಪ್ಪು ಮಾಡಿದ್ದಕ್ಕಿಂತ ಅದು ದೊಡ್ಡ ತಪ್ಪು." ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. "ನಿಮ್ಮನ್ನ ಕಂಡ್ರೆ ಇಷ್ಟ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೂ ಇಷ್ಟ. ತುಂಬಾ."

"ಇದು ಇದನ್ನ ಹೇಳೋ ಹೊತ್ತಾ?"

"ಬೇರೆ ಹೊತ್ತು ಕೊಡ್ತೀರಾ?"

ಅವಳು ಸ್ಕೂಟರಿಗೆ ಕೀ ಹಾಕಿದಳು. ಕೆನ್ನೆ ಒರೆಸಿಕೊಂಡಳು.

"ಕೊಡ್ತೀನಿ. ನಮ್ಮನೆ ಮುಂದಿನ ರೋಡಲ್ಲಿ, ನಮ್ಮಪ್ಪನ ಕಣ್ಣೆದುರಿಗೆ. ನಾನು ಕರೆದಾಗ ಬರಬೇಕು. ನನ್ನ ಸೇಡು ಇನ್ನೂ ಹಾಗೇ ಇದೆ, ಕರಗಿದೆ ಅಂದ್ಕೋಬೇಡಿ."

"ಬರ್ತೀನಿ."

ಲ್ಯಾಬಿನಲ್ಲಿ ಹಿರಿಯ ಮೇಡಂ ಎಲ್ಲವನ್ನೂ ಕೇಳಿ ಮುಖಕ್ಕೆ ಮಂಗಳಾರತಿ ಮಾಡಿದರು. ಹೊರಗಿನ ಕೆಲಸ ಬಂದ್; ಮರಳು ಜರಡಿ ಹಿಡಿಯುತ್ತಾ ಕೂರು, ಅಂದರು. ಅವಳು ಹಿಡಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ತೋಳು ಬಿದ್ದುಹೋಗುವ ಹಾಗೆ ಹಿಡಿದಳು. ಶಿಕ್ಷೆ ಮುಗಿದ ದಿನ ಒಂದೇ ಒಂದು ಕೇಳಿಕೊಂಡಳು. ಮನೆ ಮುಂದಿನ ಹಳೆಯ ರಸ್ತೆಗೆ ಹೊಸ ಪದರ ಹಾಕುವವರಿದ್ದರು. ಕೆಳಗಿನ ನೆಲ ಎಷ್ಟು ಗಟ್ಟಿ ಇದೆ ಅಂತ ನೋಡುವ ಕೆಲಸ ಲ್ಯಾಬಿಗೇ ಬಂದಿತ್ತು.

"ಸರಿ, ನೀನೇ ಹೋಗು. ನಾನೂ ಬಂದು ಪಕ್ಕದಲ್ಲೇ ನಿಂತಿರ್ತೀನಿ, ಮತ್ತೆ ಬಾಲ ಬಿಚ್ಚಿದ್ರೆ ನೋಡು. ಸುತ್ತಿಗೆ ಎತ್ತೋಕೆ ಆಳು ಬೇಕಲ್ಲ?"

"ಇದ್ದಾನೆ ಮೇಡಂ," ಅಂದಳು. "ಹೇಳಿದ ಹಾಗೆ ಕೇಳೋನು ಒಬ್ಬ ಇದ್ದಾನೆ."

ಬೆಳಗಿನ ಬಿಸಿಲಿನಲ್ಲಿ ಅವನು ಬಂದ. ಕೆಲಸಕ್ಕೆ ರಜೆ ಹಾಕಿ, ತೋಳು ಮಡಚಿ, ಟೋಪಿ ವಾಲಿಸಿಕೊಂಡು. ಅವಳು ಮೂತಿ ಚೂಪಾದ ಉಕ್ಕಿನ ಕೋಲು ಅವನ ಕೈಗೆ ಕೊಟ್ಟಳು. ಅದರ ಮೇಲೆ ಜಾರುವ ಒಂದು ಭಾರದ ಸುತ್ತಿಗೆ. ಎತ್ತಿ ಬಿಟ್ಟ ಹಾಗೆಲ್ಲ ಕೋಲು ನೆಲಕ್ಕೆ ಇಳಿಯುತ್ತದೆ. ನೆಲ ಗಟ್ಟಿ ಇದ್ದಷ್ಟೂ ಕಡಿಮೆ ಇಳಿಯುತ್ತದೆ. ಟಾರಿಗೆ ಮೊದಲೇ ಸಣ್ಣ ತೂತು ಕೊರೆದಾಗಿತ್ತು.

ಅಪ್ಪ ಸಂದಿಯ ಬಾಯಲ್ಲಿ ನಿಂತಿದ್ದ. ಅಮ್ಮ ಹೇಗೋ ಅಲ್ಲಿಯವರೆಗೆ ಕರೆತಂದಿದ್ದಳು. ಅಲ್ಲಿಂದ ಮುಂದಕ್ಕೆ ಅವನು ಕಾಲಿಡಲಿಲ್ಲ.

ಮೊದಲು ರಸ್ತೆಯ ಆ ಕೊನೆ, ಬೇರೆ ಡ್ರೈವರ್ ಕೆಲಸ ಮಾಡಿದ ತುಂಡು. ಅಲ್ಲಿ ರಸ್ತೆಯ ಮೇಲೆ ಚಕ್ರದ ಹಳ್ಳಗಳು ಬಿದ್ದಿದ್ದವು. ಸುತ್ತಿಗೆ ಬಿದ್ದ ಹಾಗೆಲ್ಲ ಕೋಲು ಇಳಿಯಿತು. ಆಮೇಲೆ ಮನೆಯ ಎದುರು, ಅಪ್ಪನ ತುಂಡು. ಅಲ್ಲಿ ಒಂದು ಹಳ್ಳವಿರಲಿಲ್ಲ.

"ಹೊಡೀರಿ," ಅಂದಳು.

ಹೊಡೆದ. ಅವಳು ಅಳತೆ ನೋಡಿದಳು. "ಎಷ್ಟು ಇಳಿದಿದೆ ನೀವೇ ಹೇಳಿ."

"ಇಳಿದಿಲ್ಲ."

"ಜೋರಾಗಿ. ಅವತ್ತು ಫೇಲ್ ಅಂದಷ್ಟು ಜೋರಾಗಿ."

"ಇಳಿದಿಲ್ಲ!"

"ಇನ್ನೂ ಹೊಡೀರಿ."

ಹೊಡೆದ, ಹೊಡೆದ. ಠಣ್ ಠಣ್ ಅನ್ನುವ ಸದ್ದಿಗೆ ಮನೆಗಳಿಂದ ಜನ ಹೊರಗೆ ಬಂದರು. ಅಂಗಿ ಬೆನ್ನಿಗೆ ಅಂಟಿತು. ಸುತ್ತಿಗೆಯ ಹಿಡಿಯ ಮೇಲೆ ಅಂಗೈ ಬೊಬ್ಬೆ ಬಂದು, ಬೊಬ್ಬೆ ಒಡೆಯಿತು. ಹಿರಿಯ ಮೇಡಂ "ಸಾಕು" ಅನ್ನಲು ಬಾಯಿ ತೆರೆದವರು ಅವಳ ಮುಖ ನೋಡಿ ಸುಮ್ಮನಾದರು. ಅವಳಿಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ನಿಲ್ಲಿಸಿ ಅನ್ನಲು ಮಾತ್ರ ಮನಸ್ಸಾಗಲಿಲ್ಲ. ಪ್ರತಿ ಏಟಿಗೂ ಅವನು "ಇಳಿದಿಲ್ಲ, ಇಳಿದಿಲ್ಲ" ಅಂತ ಕೂಗುತ್ತಿದ್ದ, ದನಿ ಒಡೆದುಹೋಗಿತ್ತು.

ಆಗ ಅಪ್ಪ ರಸ್ತೆಗೆ ಕಾಲಿಟ್ಟ. ಚಪ್ಪಲಿ ಸಂದಿಯಲ್ಲೇ ಬಿಟ್ಟು, ಬರಿಗಾಲಲ್ಲಿ ಬಂದ. ಅವನ ಎದುರು ನಿಂತು ಅಡಿಯಿಂದ ಮುಡಿಯವರೆಗೆ ನೋಡಿದ.

"ಕೋಲು ಸೊಟ್ಟ ಹಿಡ್ಕೊಂಡಿದ್ದೀಯಲ್ಲಯ್ಯಾ," ಅಂದ. "ಟೋಪಿನೂ ಸೊಟ್ಟ. ಅವತ್ತೂ ಹೀಗೇ ಇದ್ದೆ."

ಅವನು ಸುತ್ತಿಗೆ ಕೆಳಗಿಟ್ಟ. "ನೀವು ಅವತ್ತು ಒಂದೂ ಪಾಸ್ ಬಿಟ್ಟಿರ್ಲಿಲ್ಲ. ತಪ್ಪಿದ್ದು ನಾನು. ರೋಲರ್ ನಿಲ್ಲಿಸದೆ ಮರಳು ಬಿಟ್ಟೆ."

"ಇನ್ನೊಂದ್ಸಲ ಹೇಳು."

"ನೀವು ಒಂದೂ ಪಾಸ್ ಬಿಟ್ಟಿರ್ಲಿಲ್ಲ."

ಅಪ್ಪ ಸುತ್ತಲಿನ ಮನೆಗಳ ಕಡೆ ಒಮ್ಮೆ ನೋಡಿದ, ಎಲ್ಲರೂ ಕೇಳಿಸಿಕೊಂಡರಾ ಅನ್ನುವಂತೆ. ಆಮೇಲೆ ಅಲ್ಲೇ ಅಂಚಿಗೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ರಸ್ತೆಯ ಉದ್ದಕ್ಕೂ ನೋಡಿದ. ತುಂಬಾ ಹೊತ್ತು ನೋಡಿದ.

"ಒಂದು ಪಾಸ್ ಹೆಚ್ಚೇ ಹೊಡೆದಿದ್ದೆ ಕಣೋ," ಅಂದ. ಅಮ್ಮ ಬಂದು ಅವನ ಭುಜ ಹಿಡಿದುಕೊಂಡಳು. ಅವಳ ಕೈಯನ್ನು ಊರಿಕೊಂಡು ಎದ್ದವನು ಮಗಳ ಕಡೆ ತಿರುಗಿದ. "ಅವನನ್ನ ಒಳಗೆ ಕರ್ಕೊಂಡು ಬಾ. ಕೈಗೆ ಏನಾದ್ರೂ ಹಚ್ಚು."

ಅಪ್ಪ ಅಮ್ಮ ಇಬ್ಬರೂ ರಸ್ತೆಯ ನಡುವೆಯೇ ನಡೆದು ನೇರವಾಗಿ ಮುಂಬಾಗಿಲಿನಿಂದ ಮನೆಯೊಳಕ್ಕೆ ಹೋದರು. ಸಂದಿಯಲ್ಲಿ ಚಪ್ಪಲಿ ಹಾಗೇ ಬಿದ್ದಿತ್ತು.

ಅವಳು ಅವನ ಕೈ ಹಿಡಿದಳು. ಬೊಬ್ಬೆ ಒಡೆದ ಅಂಗೈಯನ್ನೇ, ಗಟ್ಟಿಯಾಗಿ.

"ಆಹ್! ನೋಯುತ್ತೆ."

"ನೋಯ್ಲಿ ಅಂತಾನೇ ಹಿಡಿದಿರೋದು."

"ಬಿಡ್ತೀರಾ?"

"ಇಲ್ಲ," ಅಂದಳು, ಇನ್ನಷ್ಟು ಬಿಗಿಯಾಗಿ ಹಿಡಿದು. "ಈ ಜನ್ಮದಲ್ಲಂತೂ ಇಲ್ಲ."

ಅವನು ಹಲ್ಲು ಕಚ್ಚಿಕೊಂಡೇ ನಕ್ಕ. ಕಿವಿ ಎರಡೂ ಕೆಂಪಾಗಿದ್ದವು. ಅವಳು ಇನ್ನೊಂದು ಕೈಯಿಂದ ಅವನ ಟೋಪಿಯನ್ನು ನೆಟ್ಟಗೆ ಮಾಡಿ, ಅಪ್ಪ ಹೋದ ದಾರಿಯಲ್ಲೇ ಮನೆಗೆ ಕರೆದುಕೊಂಡು ಹೋದಳು.